ಸ್ಟ್ರಿಪ್ ಸೊನ್ನೆ ತೋರಿಸಿತು, ಜಿಸಿ 420 ಎಂದಿತು: ಯಾವುದನ್ನು ನಂಬಬೇಕು?

ಪ್ರಶ್ನೆ

ಮೇಡಂ, ನಮಸ್ಕಾರ. ನಾನು ಬೀದರ್ ಕಡೆಯ ಒಂದು ಬಲ್ಕ್ ಡ್ರಗ್ ಕಾರ್ಖಾನೆಯಲ್ಲಿ ಕ್ಯೂಸಿ ಕೆಮಿಸ್ಟ್. ನಮ್ಮಲ್ಲಿ ಮೆಥನಾಲ್ ಜಾಸ್ತಿ ಬಳಕೆ. ಅಸಿಟೋನ್, ಈಥೈಲ್ ಅಸಿಟೇಟ್, ಎಂಡಿಸಿ (ಮೆಥಿಲೀನ್ ಡೈಕ್ಲೋರೈಡ್) ಎಂಬ ಸಾಲ್ವೆಂಟ್‌ಗಳೂ, ಅಂದರೆ ದ್ರಾವಕಗಳೂ, ಇವೆ. ಪ್ರಕ್ರಿಯೆಯಿಂದ ಬಂದ ನೀರು ಮೊದಲು ಸಾಲ್ವೆಂಟನ್ನು ಕುದಿಸಿ ಹಾರಿಸುವ ಸ್ಟ್ರಿಪ್ಪರ್‌ಗೆ ಹೋಗಿ, ಆಮೇಲೆ ನೀರನ್ನು ಆವಿ ಮಾಡುವ ಎಂಇಇಗೆ ಹೋಗುತ್ತದೆ. ಸ್ಟ್ರಿಪ್ಪರ್ ಬಾಟಮ್‌ನಲ್ಲಿ, ಅಂದರೆ ಅದರ ತಳದಿಂದ ಹೊರಬರುವ ನೀರಲ್ಲಿ, ಮೆಥನಾಲ್ ಎಷ್ಟು ಉಳಿದಿದೆ ಅಂತ ಪ್ರತಿ ಶಿಫ್ಟಿಗೂ ಗೊತ್ತಾಗಬೇಕು. ನಮ್ಮ ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಪ್ರತಿ ಸಾಲ್ವೆಂಟನ್ನೂ ಬೇರ್ಪಡಿಸಿ ಅಳೆಯುವ ಯಂತ್ರ) ಬ್ಯಾಚ್ ಕೆಲಸಕ್ಕೇ ಸಾಲುವುದಿಲ್ಲ, ಹೊರಗಿನ ಲ್ಯಾಬಿಗೆ ಕಳಿಸಿದರೆ ಎರಡು ದಿನ ಬೇಕು. ಅದಕ್ಕೆ ಕಿಣ್ವ ಲೇಪಿಸಿದ ಎಲೆಕ್ಟ್ರೋಡ್ ಸ್ಟ್ರಿಪ್‌ಗಳನ್ನೂ ಕೈಯಲ್ಲಿ ಹಿಡಿಯುವ ಸಣ್ಣ ಮೀಟರನ್ನೂ ತರಿಸಿದೆವು. ಸ್ಟ್ರಿಪ್‌ನಲ್ಲಿ ಆಲ್ಕೊಹಾಲ್ ಆಕ್ಸಿಡೇಸ್ ಮತ್ತು ಪ್ರಶ್ಯನ್ ಬ್ಲೂ ಎಂಬ ನೀಲಿ ರಾಸಾಯನಿಕ ಇದೆಯಂತೆ.

ಶುದ್ಧ ನೀರಿನಲ್ಲಿ ಮಾಡಿದ, ಲೀಟರಿಗೆ 1, 2, 5, 10 ಮಿಲಿಗ್ರಾಂ ಮೆಥನಾಲ್ ಇರುವ ಸ್ಟಾಂಡರ್ಡ್‌ಗಳು ಚೆನ್ನಾಗಿ ಬಂದವು. ಆದರೆ ಸ್ಟ್ರಿಪ್ಪರ್ ಬಾಟಮ್ ಸ್ಯಾಂಪಲ್‌ಗೆ ಅದ್ದಿದರೆ ಹೆಚ್ಚುಕಡಿಮೆ ಸೊನ್ನೆ. ಅದೇ ಬಾಟಲಿಯ ನೀರಿಗೆ ಹೊರಗಿನ ಜಿಸಿ ವರದಿ ಲೀಟರಿಗೆ 420 ಮಿಲಿಗ್ರಾಂ! ಹತ್ತು ಪಟ್ಟು ನೀರು ಬೆರೆಸಿ ನೋಡಿದೆ. ಕಡಿಮೆ ಆಗಬೇಕಿತ್ತು, ಬದಲಿಗೆ ಓದು ಏರಿತು. ಹತ್ತರಿಂದ ಗುಣಿಸಿದರೆ 150 ಆಗುತ್ತದೆ. ಇನ್ನೊಂದು ದಿನ ಮೆಥನಾಲ್ ಬ್ಯಾಚೇ ಇರಲಿಲ್ಲ, ಈಥೈಲ್ ಅಸಿಟೇಟ್ ಬ್ಯಾಚ್ ಮಾತ್ರ ಓಡುತ್ತಿತ್ತು. ಅವತ್ತು ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಇನ್‌ಲೆಟ್‌ನಲ್ಲಿ ಓದು ಆಕಾಶಕ್ಕೆ ಹೋಯಿತು. ಅಸಿಟೋನ್ ವಾಸನೆ ಗಾಢವಾಗಿದ್ದ ಸ್ಯಾಂಪಲ್‌ಗೆ ಅದ್ದಿದ ಸ್ಟ್ರಿಪ್ ಆಮೇಲೆ ಸ್ಟಾಂಡರ್ಡ್‌ಗೂ ಉತ್ತರ ಕೊಡಲಿಲ್ಲ. ಮಾರಿದವರು "ಎಲ್ಲಾ ಸಾಲ್ವೆಂಟ್ ಅಳೆಯುತ್ತದೆ" ಅನ್ನುತ್ತಾರೆ. ನಮ್ಮ ಸೀನಿಯರ್ "ಕಿಣ್ವ ಎಲ್ಲ ಸಕ್ಕರೆ ಕಾಯಿಲೆ ಮೀಟರಿಗೆ ಸರಿ, ಕಾರ್ಖಾನೆಗೆ ಅಲ್ಲ" ಅನ್ನುತ್ತಾರೆ. ಮ್ಯಾನೇಜರ್‌ಗೆ ಇದನ್ನೇ ಔಷಧಿಯ ಪುಡಿಗೂ, ಶೆಡ್ ಗಾಳಿಗೂ ಬಳಸುವ ಆಸೆ. ಯಾರು ಹೇಳುವುದು ಸರಿ?

ಉತ್ತರ

ನಿಮ್ಮ ಪತ್ರ ಓದಿ ಖುಷಿಯಾಯಿತು. ಯಾಕೆ ಅಂದರೆ ನೀವು ಸೊನ್ನೆ ಬಂತು ಅಂತ ನಿರಾಳವಾಗಿ ಬಿಡಲಿಲ್ಲ. ಅದೇ ಬಾಟಲಿಯ ನೀರನ್ನು ಜಿಸಿಗೂ ಕಳಿಸಿದಿರಿ, ನೀರು ಬೆರೆಸಿಯೂ ನೋಡಿದಿರಿ. ನಿಮ್ಮ ಸಮಸ್ಯೆಯ ಅರ್ಧ ಉತ್ತರ ಆ ಎರಡು ಕೆಲಸದಲ್ಲೇ ಇದೆ.

ನಿಮ್ಮ ಆತಂಕ ನನಗೆ ಅರ್ಥವಾದದ್ದು ಹೀಗೆ: ಈ ಸ್ಟ್ರಿಪ್ ಕೆಟ್ಟ ಮಾಲೋ, ನಾವು ಬಳಸುವ ಕ್ರಮ ತಪ್ಪೋ, ಅಥವಾ ಈ ವಿದ್ಯೆಯೇ ಇಂಥ ನೀರಿಗೆ ಒಗ್ಗುವುದಿಲ್ಲವೋ? ನೀವು ಬರೆದದ್ದನ್ನು ನೋಡಿದರೆ ಸ್ಟ್ರಿಪ್ ಚೆನ್ನಾಗಿಯೇ ಇದೆ. ಬಳಸುವ ಕ್ರಮ ಬದಲಾಗಬೇಕು. ಮಾರಿದವರ ಮಾತು ಖಂಡಿತ ತಪ್ಪು, ನಿಮ್ಮ ಸೀನಿಯರ್ ಮಾತು ಅರ್ಧ ಸರಿ.

ಮೊದಲು ಮಾರಿದವರ ಮಾತು ನೋಡೋಣ. ಈ ಸ್ಟ್ರಿಪ್ "ಸಾಲ್ವೆಂಟ್" ಅನ್ನೋದನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಹೈಡ್ರೋಜನ್ ಪೆರಾಕ್ಸೈಡನ್ನು. ಮೆಥನಾಲ್ ತಿಂದು ಬದುಕುವ ಕೆಲವು ಯೀಸ್ಟ್‌ಗಳಿವೆ, ಪಿಕಿಯಾ ಪಾಸ್ಟೋರಿಸ್ ಅಂಥದ್ದೊಂದು. ಅವುಗಳಿಂದ ತೆಗೆಯುವ ಕಿಣ್ವವೇ ಆಲ್ಕೊಹಾಲ್ ಆಕ್ಸಿಡೇಸ್. ಅದು ಒಂದು ಮೆಥನಾಲ್ ಅಣುವನ್ನೂ ನೀರಲ್ಲಿ ಕರಗಿದ ಒಂದು ಆಕ್ಸಿಜನ್ ಅಣುವನ್ನೂ ಹಿಡಿದು, ಒಂದು ಫಾರ್ಮಾಲ್ಡಿಹೈಡ್ ಮತ್ತು ಒಂದು ಪೆರಾಕ್ಸೈಡ್ ಕೊಡುತ್ತದೆ. ಕೆಳಗಿರುವ ಪ್ರಶ್ಯನ್ ಬ್ಲೂ ಆ ಪೆರಾಕ್ಸೈಡನ್ನು ಕರೆಂಟಾಗಿ ಬದಲಿಸುತ್ತದೆ. ಮೀಟರಿನ ಅಂಕಿ ಬರುವುದು ಆ ಕರೆಂಟಿನಿಂದ.

ಹಾಗಾಗಿ ಈ ಕಿಣ್ವಕ್ಕೆ ಸಿಗುವುದು ಚಿಕ್ಕ ಸರಪಳಿಯ ಆಲ್ಕೊಹಾಲ್‌ಗಳು ಮಾತ್ರ. ಮೆಥನಾಲ್ ಅಂದರೆ ಅದಕ್ಕೆ ಬಲು ಇಷ್ಟ, ಎಥನಾಲ್ ಕೂಡ ಹಿಡಿಯುತ್ತದೆ. ಐಪಿಎಯನ್ನು (ಐಸೊಪ್ರೊಪೈಲ್ ಆಲ್ಕೊಹಾಲ್) ಮುಟ್ಟುವುದು ತೀರಾ ಕಡಿಮೆ. ಅಸಿಟೋನ್, ಟೊಲ್ಯೂಯೀನ್, ಎಂಡಿಸಿ ಇದರ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ನೀರಲ್ಲಿ ಎಂಡಿಸಿ ತುಂಬಿ ತುಳುಕುತ್ತಿದ್ದರೂ ಈ ಸ್ಟ್ರಿಪ್ ಸೊನ್ನೆ ಎಂದೇ ಹೇಳುತ್ತದೆ. ಟೊಲ್ಯೂಯೀನ್ ಹಿಡಿಯುವ ಕಿಣ್ವಗಳೂ, ಕ್ಲೋರಿನ್ ಇರುವ ಕೆಲವು ಸಾಲ್ವೆಂಟ್ ಒಡೆಯುವ ಕಿಣ್ವಗಳೂ ಬ್ಯಾಕ್ಟೀರಿಯಾಗಳಲ್ಲಿ ಇವೆ. ಸಂಶೋಧನಾ ಲ್ಯಾಬುಗಳಲ್ಲಿ ಅವುಗಳಿಂದ ಸೆನ್ಸರ್ ಮಾಡಿದ್ದಾರೆ. ಆದರೆ ಶಿಫ್ಟ್ ಕೆಮಿಸ್ಟ್ ಕೈಗೆ ಕೊಡುವಷ್ಟು ಗಟ್ಟಿಯಾದದ್ದು ಅಂತ ನಾನು ಯಾವುದನ್ನೂ ಶಿಫಾರಸು ಮಾಡಲಾರೆ.

ಈಗ ಆ ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಇದರಿಂದಲೇ ಅಪಾಯ ಆಗುವುದು.

ಸ್ಟ್ರಿಪ್ಪರ್ ಬಾಟಮ್ ಅಂದರೆ ಏನು? ಕುದಿದು ಬಂದ ನೀರು. ಕುದಿದ ನೀರಲ್ಲಿ ಆಕ್ಸಿಜನ್ ಎಲ್ಲಿರುತ್ತದೆ? ಮೆಥನಾಲ್ ಹಾರಿಹೋಗಬಾರದು ಅಂತ ನೀವು ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ತಣ್ಣಗಾಗಲು ಬಿಟ್ಟಿರುತ್ತೀರಿ. ಸ್ಯಾಂಪಲ್ ಹಿಡಿಯುವ ರೀತಿಯಾಗಿ ಅದು ನೂರಕ್ಕೆ ನೂರು ಸರಿ. ಆದರೆ ಹಾಗೆ ಮುಚ್ಚಿದ ಮೇಲೆ ಗಾಳಿಯಿಂದ ಆಕ್ಸಿಜನ್ ಒಳಗೆ ಬರುವ ದಾರಿಯೂ ಮುಚ್ಚಿತು. ಸ್ಟ್ರಿಪ್ ಅದ್ದಿದಾಗ ಕಿಣ್ವದ ಎದುರಿಗೆ ಮೆಥನಾಲ್ ರಾಶಿ ಇದೆ, ಜೊತೆಗೆ ಬೇಕಾದ ಆಕ್ಸಿಜನ್ ಇಲ್ಲ. ಕಿಣ್ವ ಸುಮ್ನೆ ಕೂರುತ್ತದೆ. ಪೆರಾಕ್ಸೈಡ್ ಇಲ್ಲ, ಕರೆಂಟ್ ಇಲ್ಲ, ಅಂಕಿ ಸೊನ್ನೆ.

ಲೆಕ್ಕ ಹಾಕಲು ಇಲ್ಲೊಂದು ಅನುಕೂಲ ಇದೆ. ಮೆಥನಾಲ್‌ನ ಅಣುತೂಕ 32, ಆಕ್ಸಿಜನ್‌ನದ್ದೂ 32. ಒಂದಕ್ಕೆ ಒಂದು ಅಂತ ಕೂಡುವುದರಿಂದ 1 ಮಿಲಿಗ್ರಾಂ ಮೆಥನಾಲ್‌ಗೆ 1 ಮಿಲಿಗ್ರಾಂ ಆಕ್ಸಿಜನ್ ಬೇಕು. 25 ಡಿಗ್ರಿಯಲ್ಲಿ ಗಾಳಿ ಚೆನ್ನಾಗಿ ಬೆರೆತ ಶುದ್ಧ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ, ಅಷ್ಟೇ. ಉಪ್ಪು ಜಾಸ್ತಿ ಆದರೆ, ನೀರು ಬಿಸಿಯಾದರೆ ಇನ್ನೂ ಕಡಿಮೆ. ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಮೆಥನಾಲ್‌ನ ಒಂದು ಪಾಲು ಮಾತ್ರ ಖರ್ಚಾಗುತ್ತದೆ, ಆದ್ದರಿಂದ ಈ ಲೆಕ್ಕ ಒರಟು. ಆದರೂ ದಾರಿ ತೋರಿಸಲು ಸಾಕು. ನಿಮ್ಮ 1ರಿಂದ 10 ಮಿಲಿಗ್ರಾಂ ಸ್ಟಾಂಡರ್ಡ್‌ಗಳು ಯಾಕೆ ಚೆನ್ನಾಗಿ ಬಂದವು ಅಂತ ಈಗ ಗೊತ್ತಾಯಿತಲ್ವಾ? ಅವು ತಾಜಾ ನೀರಲ್ಲಿದ್ದವು, ಆಕ್ಸಿಜನ್ ಸಾಕಷ್ಟಿತ್ತು.

ಹತ್ತು ಪಟ್ಟು ತೆಳುಮಾಡಿದಾಗ ಏನಾಯಿತು ನೋಡಿ. 420 ಇದ್ದದ್ದು 42 ಆಯಿತು. ಬೆರೆಸಿದ ನೀರಿನಿಂದ 7 ಮಿಲಿಗ್ರಾಂನಷ್ಟು ಆಕ್ಸಿಜನ್ ಬಂತು. ಕಿಣ್ವಕ್ಕೆ ಜೀವ ಬಂತು, ಆದರೆ 42ಕ್ಕೆ ಆ 7 ಎಲ್ಲಿ ಸಾಲುತ್ತದೆ? ಓದು 15ಕ್ಕೆ ನಿಂತಿತು. ನೀವು ಹತ್ತರಿಂದ ಗುಣಿಸಿ 150 ಬರೆದಿರಿ. ನೂರು ಪಟ್ಟು ತೆಳುಮಾಡಿದ್ದರೆ ಮೆಥನಾಲ್ 4.2 ಆಗುತ್ತಿತ್ತು, ಆಕ್ಸಿಜನ್ 8ರ ಹತ್ತಿರ ಇರುತ್ತಿತ್ತು. ಆಗ ಜಿಸಿಯ ಅಂಕಿಗೆ ಹತ್ತಿರ ಬರುತ್ತಿದ್ದಿರಿ.

ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ನನಗೂ ಹೀಗೇ ಸೊನ್ನೆ ಬಂದಿತ್ತು. ಸ್ಟ್ರಿಪ್ ಬದಲಿಸಿದೆ, ಬಫರ್ (ಪಿಎಚ್ ಕಾಯುವ ದ್ರಾವಣ) ಬದಲಿಸಿದೆ, ಮೀಟರ್ ಬದಲಿಸಿದೆ. ಆಮೇಲೆ ಬೀಕರನ್ನು ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಲು ಬಿಟ್ಟು ಚಹಾಕ್ಕೆ ಹೋದೆವು. ಬಂದು ನೋಡಿದರೆ ಅಂಕಿ ತಾನಾಗಿಯೇ ಏರುತ್ತಿತ್ತು. ಸ್ಟಿರರ್ ತಿರುಗಿ ತಿರುಗಿ ಗಾಳಿಯನ್ನು ನೀರಿಗೆ ಸೇರಿಸುತ್ತಿತ್ತು. ಅಷ್ಟು ಹೊಳೆಯಲು ನಮಗೆ ಇಡೀ ದಿನ ಬೇಕಾಯಿತು. ಅಲ್ಲಿಯವರೆಗೆ ಎಷ್ಟು ದಿನ, ಎಷ್ಟು ಶಿಫ್ಟಿನಲ್ಲಿ ಆ ಸೊನ್ನೆಯನ್ನು ನಂಬಿ ನೀರು ಮುಂದಕ್ಕೆ ಬಿಟ್ಟಿದ್ದರೋ ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ.

ನೀವೇ ಪರೀಕ್ಷೆ ಮಾಡಿ ನೋಡಬಹುದು, ಹೊಸದೇನೂ ಕೊಳ್ಳಬೇಕಿಲ್ಲ. ಇಟಿಪಿಯ ಏರೇಷನ್ ಟ್ಯಾಂಕಿಗೆ ಬಳಸುವ ಡಿಒ ಮೀಟರ್ (ನೀರಲ್ಲಿ ಕರಗಿದ ಆಕ್ಸಿಜನ್ ಅಳೆಯುವಂಥದ್ದು) ನಿಮ್ಮಲ್ಲಿ ಇದ್ದೇ ಇರುತ್ತದೆ. ತಣ್ಣಗಾದ ಸ್ಟ್ರಿಪ್ಪರ್ ಬಾಟಮ್ ಬಾಟಲಿ ತೆರೆದು ಕೂಡಲೇ ಅದರ ಪ್ರೋಬ್ ಇಳಿಸಿ. ಸೊನ್ನೆಯ ಹತ್ತಿರ ತೋರಿಸಿದರೆ ನಾನು ಹೇಳಿದ್ದು ನಿಮ್ಮ ಕಣ್ಣೆದುರಿಗೇ ಇದೆ. ಪೊರೆ ಇರುವ ಆ ಡಿಒ ಪ್ರೋಬಿಗೂ ನಿಮ್ಮ ಸ್ಟ್ರಿಪ್ಪಿಗೂ ನಂಟು ಇದೆ ಗೊತ್ತಾ? ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ಆ ಆಕ್ಸಿಜನ್ ಎಲೆಕ್ಟ್ರೋಡನ್ನು ಪ್ರಕಟಿಸಿದರು. 1962ರಲ್ಲಿ ಅದರ ಮೇಲೆಯೇ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಕೂರಿಸಿ, ಸಕ್ಕರೆ ಜಾಸ್ತಿ ಇದ್ದಷ್ಟೂ ಆಕ್ಸಿಜನ್ ಹೇಗೆ ಖರ್ಚಾಗುತ್ತದೆ ಅಂತ ಅಳೆಯುವ ದಾರಿ ತೋರಿಸಿದರು. ಕಿಣ್ವ ಇರುವ ಎಲೆಕ್ಟ್ರೋಡುಗಳ ಕಥೆ ಶುರುವಾದದ್ದೇ ಆಕ್ಸಿಜನ್‌ನಿಂದ. ಸಕ್ಕರೆ ಮೀಟರಿನವರಿಗೂ ಇದೇ ತಲೆನೋವಿತ್ತು. 1987ರಲ್ಲಿ ಬಂದ ಪೆನ್ನಿನಾಕಾರದ ಎಕ್ಸಾಕ್‌ಟೆಕ್ ಮೀಟರಿನಲ್ಲಿ ಆಕ್ಸಿಜನ್ ಬದಲು ಫೆರೋಸೀನ್ ಜಾತಿಯ ರಾಸಾಯನಿಕ ಎಲೆಕ್ಟ್ರಾನ್ ಸಾಗಿಸುವ ಕೆಲಸ ಮಾಡಿತು. ನಿಮ್ಮ ಸ್ಟ್ರಿಪ್‌ನಲ್ಲಿ ಆ ಏರ್ಪಾಡು ಇಲ್ಲ. ನಿಮ್ಮ ಸೀನಿಯರ್ ಮಾತಿನಲ್ಲಿ ಸತ್ಯ ಇರುವುದು ಇಲ್ಲೇ. ರಕ್ತ ಅನ್ನುವುದು ದೇಹವೇ ಕಾಯ್ದುಕೊಂಡ ದ್ರವ. ಪಿಎಚ್, ಉಪ್ಪು, ಶಾಖ ಎಲ್ಲ ಒಂದು ಮಿತಿಯಲ್ಲಿರುತ್ತವೆ. ಕಾರ್ಖಾನೆಯ ನೀರು ದಿನಕ್ಕೊಂದು ಬಣ್ಣ. ಹಾಗಂತ ಕಿಣ್ವ ಅಲ್ಲಿ ಕೆಲಸ ಮಾಡುವುದಿಲ್ಲ ಅಂತಲ್ಲ. ರಕ್ತಕ್ಕೆ ದೇಹ ಮಾಡಿಕೊಟ್ಟ ಅನುಕೂಲವನ್ನು ಇಲ್ಲಿ ಬಫರ್ ಬೆರೆಸಿ ನಾವು ಮಾಡಿಕೊಡಬೇಕು.

ಈಥೈಲ್ ಅಸಿಟೇಟ್ ದಿನದ ಏರಿದ ಓದಿಗೆ ಬರೋಣ. ಇಟಿಪಿ ಇನ್‌ಲೆಟ್‌ನಲ್ಲಿ ಸುಣ್ಣವನ್ನೋ ಕಾಸ್ಟಿಕ್ಕನ್ನೋ ಹಾಕುತ್ತೀರಿ ತಾನೆ? ಕ್ಷಾರದಲ್ಲಿ ಈಥೈಲ್ ಅಸಿಟೇಟ್ ಒಡೆದು ಅಸಿಟೇಟ್ ಮತ್ತು ಎಥನಾಲ್ ಆಗುತ್ತದೆ. ಸ್ಟ್ರಿಪ್ ಆ ಎಥನಾಲನ್ನು ಹಿಡಿಯಿತು. ಮೀಟರ್‌ನಲ್ಲಿ "ಮೆಥನಾಲ್" ಅಂತ ಹೆಸರು ಬರೆದಿದ್ದರಿಂದ ನಿಮಗೆ ಮೆಥನಾಲ್ ಅನ್ನಿಸಿತು, ಅಷ್ಟೇ. ಇದರ ಜೊತೆ ಇನ್ನೊಂದನ್ನೂ ವಿಚಾರಿಸಿ: ಅವತ್ತು ಫೆಂಟನ್ ಟ್ರೀಟ್‌ಮೆಂಟಿನ (ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣ ಹಾಕಿ ಕೊಳೆ ಒಡೆಯುವ ಕ್ರಮ) ನೀರು ವಾಪಸ್ ಇನ್‌ಲೆಟ್‌ಗೆ ಬಂದಿತ್ತಾ? ಅದರಲ್ಲಿ ಉಳಿದ ಪೆರಾಕ್ಸೈಡ್ ನೇರವಾಗಿ ಪ್ರಶ್ಯನ್ ಬ್ಲೂ ಮೇಲೆ ಓದು ಕೊಡುತ್ತದೆ, ಮಧ್ಯೆ ಕಿಣ್ವವೇ ಬೇಕಿಲ್ಲ. ಇದನ್ನು ಪತ್ತೆ ಮಾಡಲು ಸುಲಭ ದಾರಿ ಅಂದರೆ ಕಿಣ್ವ ಇಲ್ಲದ ಖಾಲಿ ಸ್ಟ್ರಿಪ್. ಮಾರಿದವರನ್ನು ಕೇಳಿ, ಕೊಡುತ್ತಾರೆ. ಖಾಲಿ ಸ್ಟ್ರಿಪ್ಪಿಗೂ ಓದು ಬಂದರೆ ಅದು ಆಲ್ಕೊಹಾಲ್ ಅಲ್ಲ.

ತದ್ವಿರುದ್ಧ ಮೋಸವೂ ಇದೆ. ಬೈಸಲ್ಫೈಟ್ ಇರುವ ನೀರಲ್ಲಿ ಕಿಣ್ವ ಮಾಡಿದ ಪೆರಾಕ್ಸೈಡನ್ನು ಬೈಸಲ್ಫೈಟೇ ನುಂಗಿಬಿಡುತ್ತದೆ. ಏರೇಷನ್ ಟ್ಯಾಂಕಿನ ನೀರಲ್ಲಿ ಬ್ಯಾಕ್ಟೀರಿಯಾಗಳ ಕ್ಯಾಟಲೇಸ್ ಕಿಣ್ವ ಅದನ್ನು ಒಡೆಯುತ್ತದೆ. ಅದಕ್ಕೇ ಅಲ್ಲಿಯ ಸ್ಯಾಂಪಲನ್ನು ತಂದ ಕೂಡಲೇ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಬೇಕು. ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾಗಳು ಬಾಟಲಿಯಲ್ಲೇ ಮೆಥನಾಲನ್ನೂ ತಿಂದು ಮುಗಿಸುತ್ತವೆ.

ಅಸಿಟೋನ್ ಸ್ಯಾಂಪಲ್‌ಗೆ ಅದ್ದಿದ ಸ್ಟ್ರಿಪ್ ಸತ್ತಿದ್ದರ ಬಗ್ಗೆ: "ಸಾಲ್ವೆಂಟ್ ತಗುಲಿದರೆ ಕಿಣ್ವ ಸಾಯುತ್ತದೆ" ಅನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅದು ಪೂರ್ತಿ ನಿಜವಲ್ಲ. 1984ರಲ್ಲಿ ಜ್ಯಾಕ್ಸ್ ಮತ್ತು ಕ್ಲಿಬಾನೊವ್ ಅನ್ನುವ ವಿಜ್ಞಾನಿಗಳು ಹಂದಿಯ ಮೇದೋಜೀರಕದ ಲೈಪೇಸ್ ಕಿಣ್ವ ಹೆಚ್ಚುಕಡಿಮೆ ನೀರೇ ಇಲ್ಲದ ಸಾಲ್ವೆಂಟಿನಲ್ಲಿ, 100 ಡಿಗ್ರಿ ಬಿಸಿಯಲ್ಲೂ ಕೆಲಸ ಮಾಡುವುದನ್ನು ತೋರಿಸಿದರು. ಕಿಣ್ವಕ್ಕೆ ಬೇಕಾದದ್ದು ತನ್ನ ಮೈಗೆ ಅಂಟಿದ ತೆಳ್ಳನೆಯ ನೀರಿನ ಪದರ. ಅದನ್ನು ಕಿತ್ತುಕೊಳ್ಳುವ ಸಾಲ್ವೆಂಟ್ ಕಿಣ್ವವನ್ನು ಕೆಡಿಸುತ್ತದೆ. ಅಸಿಟೋನ್ ನೀರಿನ ಜೊತೆ ಸಲೀಸಾಗಿ ಬೆರೆಯುವಂಥದ್ದು, ಆದ್ದರಿಂದ ಜಾಸ್ತಿ ಇದ್ದಾಗ ಆ ಪದರವನ್ನೇ ಎಳೆದುಕೊಳ್ಳುತ್ತದೆ. ನೀರಿಗೆ ಸೇರದ ಎಣ್ಣೆಯಂಥ ಸಾಲ್ವೆಂಟ್‌ಗಳು ಈ ವಿಷಯದಲ್ಲಿ ಅಷ್ಟು ಕ್ರೂರಿಗಳಲ್ಲ. ಆದರೆ ನಿಮ್ಮದು ಮುದ್ರಿಸಿದ ಸ್ಟ್ರಿಪ್. ಅದರ ಕಾರ್ಬನ್ ಶಾಯಿಯನ್ನು ಹಿಡಿದಿಡುವ ಅಂಟನ್ನು ಅಸಿಟೋನ್, ಟೊಲ್ಯೂಯೀನ್, ಎಂಡಿಸಿ ಮೂರೂ ಸಡಿಲ ಮಾಡಬಲ್ಲವು. ಕಿಣ್ವ ಬದುಕಿದರೂ ಕಾಲಡಿಯ ನೆಲ ಹೋಗುತ್ತದೆ.

ಪೆರಾಕ್ಸೈಡ್ ಮತ್ತು ಫಾರ್ಮಾಲ್ಡಿಹೈಡ್ ಕೂಡ ನಿಧಾನವಾಗಿ ಕಿಣ್ವವನ್ನು ಸವೆಸುತ್ತವೆ. ಎರಡೂ ಅದರದ್ದೇ ಕೆಲಸದಿಂದ ಹುಟ್ಟಿದವು. ಗಟ್ಟಿ ಸ್ಯಾಂಪಲ್‌ನಲ್ಲಿ ಈ ಸವೆತ ಜಾಸ್ತಿ. ಆದ್ದರಿಂದ ಒಂದು ಸ್ಟ್ರಿಪ್ ಒಂದೇ ಸ್ಯಾಂಪಲ್‌ಗೆ. ಉಳಿಸಲು ಹೋಗಬೇಡಿ. ಫ್ರಿಜ್‌ನಿಂದ ತೆಗೆದ ಪೊಟ್ಟಣ ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಬಿಚ್ಚಿ, ಇಲ್ಲದಿದ್ದರೆ ತೇವ ಕೂತು ಕಿಣ್ವ ಹಾಳು. ನಿಮ್ಮ ಕಡೆಯ ಬೇಸಿಗೆಯಲ್ಲಿ ಇದು ತುಂಬಾ ಮುಖ್ಯ. ಬೇಸಿಗೆಯ ಮಧ್ಯಾಹ್ನದ ಓದನ್ನು ಬೆಳಗಿನ ಸ್ಟಾಂಡರ್ಡ್‌ಗೆ ಹೋಲಿಸಲೂ ಬೇಡಿ, ಶಾಖ ಏರಿದಂತೆ ಕಿಣ್ವದ ವೇಗವೂ ಏರುತ್ತದೆ.

ಹಾಗಾದರೆ ಮಾಡುವುದೇನು? ನನ್ನ ಮೊದಲ ಸಲಹೆ, ಈ ಸ್ಟ್ರಿಪ್ಪನ್ನು ಬಿಡಬೇಡಿ, ಆದರೆ ಹಸಿ ಸ್ಯಾಂಪಲ್‌ಗೆ ಎಂದೂ ಅದ್ದಬೇಡಿ. ಪಿಎಚ್ 7ರ ಪೊಟ್ಯಾಸಿಯಂ ಫಾಸ್ಫೇಟ್ ಬಫರ್ ಮಾಡಿ, ಅದಕ್ಕೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ. ಬಳಸುವ ಮುಂಚೆ ಅರ್ಧ ತುಂಬಿದ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ. ಪೊಟ್ಯಾಸಿಯಮ್ಮೇ ಯಾಕೆ ಅಂದರೆ ಪ್ರಶ್ಯನ್ ಬ್ಲೂ ಅದರ ಜೊತೆಗೇ ಚೆನ್ನಾಗಿ ನಡೆಯುವುದು, ಸೋಡಿಯಂ ಅದಕ್ಕೆ ಒಗ್ಗುವುದಿಲ್ಲ. ಪಿಎಚ್ 7 ಯಾಕೆ ಅಂದರೆ ಕಿಣ್ವಕ್ಕೆ ಇನ್ನೂ ಸ್ವಲ್ಪ ಕ್ಷಾರ ಇದ್ದರೆ ಇಷ್ಟ, ಆದರೆ ಕ್ಷಾರದಲ್ಲಿ ಪ್ರಶ್ಯನ್ ಬ್ಲೂ ಕರಗುತ್ತದೆ. ಇಬ್ಬರಿಗೂ ಒಪ್ಪುವ ಜಾಗ ಅದು. ಕ್ಲೋರೈಡ್‌ಗೂ ಕಾರಣ ಇದೆ. ಸ್ಟ್ರಿಪ್‌ನ ಬೆಳ್ಳಿ ರೆಫರೆನ್ಸ್ (ವೋಲ್ಟೇಜ್ ಹೋಲಿಸುವ ಎಲೆಕ್ಟ್ರೋಡ್) ಸುತ್ತಲಿನ ಕ್ಲೋರೈಡ್ ನೋಡಿ ನಿಲ್ಲುತ್ತದೆ, ಕ್ಲೋರೈಡ್ ಹತ್ತು ಪಟ್ಟು ಬದಲಾದರೆ ಅದು 59 ಮಿಲಿವೋಲ್ಟ್ ಸರಿಯುತ್ತದೆ. ನಿಮ್ಮ ಉಪ್ಪು ತುಂಬಿದ ನೀರಲ್ಲಿ ಇದು ಸಣ್ಣ ಮಾತಲ್ಲ.

ಈ ಬಫರ್‌ನಲ್ಲಿ ಸ್ಯಾಂಪಲನ್ನು ನೂರು ಪಟ್ಟು ತೆಳುಮಾಡಿ. ಆಕ್ಸಿಜನ್, ಪಿಎಚ್, ಉಪ್ಪು, ಅಸಿಟೋನ್ ಈ ನಾಲ್ಕೂ ಒಂದೇ ಏಟಿಗೆ ಹತೋಟಿಗೆ ಬರುತ್ತವೆ. ಶೇಕಡಾ 2 ಅಸಿಟೋನ್ ಇದ್ದರೂ ಅದು ಶೇಕಡಾ 0.02ಕ್ಕೆ ಇಳಿಯುತ್ತದೆ. ಒಂದು ಸಲ ನೂರು ಪಟ್ಟು, ಇನ್ನೊಂದು ಸಲ ಇನ್ನೂರು ಪಟ್ಟು ತೆಳುಮಾಡಿ ನೋಡಿ. ಗುಣಿಸಿದ ಮೇಲೆ ಎರಡೂ ಹತ್ತಿರ ಬಂದರೆ ಸರಿ. ಇನ್ನೂರರದ್ದು ಸ್ಪಷ್ಟವಾಗಿ ಜಾಸ್ತಿ ಬಂದರೆ ನೂರು ಸಾಲದು ಅಂತ ಅರ್ಥ.

ಇದರ ಮೇಲೆ ಒಂದು ಕೆಲಸ ಕಡ್ಡಾಯ ಮಾಡಿಕೊಳ್ಳಿ: ಗೊತ್ತಿರುವಷ್ಟು ಮೆಥನಾಲನ್ನು ಸ್ಯಾಂಪಲ್‌ಗೇ ಸೇರಿಸಿ ನೋಡುವುದು, ಅಂದರೆ ಸ್ಪೈಕ್. ಉದಾಹರಣೆಗೆ, ನೂರು ಪಟ್ಟು ತೆಳುಮಾಡಿದ ಸ್ಯಾಂಪಲ್ 40 ನ್ಯಾನೋ ಆಂಪಿಯರ್ ಕೊಟ್ಟಿತು ಅನ್ನಿ. ಅದೇ ಸ್ಯಾಂಪಲ್‌ನ ಇನ್ನೊಂದು ಪಾಲಿಗೆ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಮೆಥನಾಲನ್ನು ಒಂದು ಚೂರು ಗಟ್ಟಿ ದ್ರಾವಣದಿಂದ ಸೇರಿಸಿದಿರಿ. ಹೊಸ ಸ್ಟ್ರಿಪ್‌ನಲ್ಲಿ 60 ಬಂತು. ಅಂದರೆ 2 ಮಿಲಿಗ್ರಾಂಗೆ 20. ಹಾಗಾದರೆ ಮೊದಲಿನ 40 ಅಂದರೆ 4 ಮಿಲಿಗ್ರಾಂ. ನೂರರಿಂದ ಗುಣಿಸಿ, 400. ಇದೇ 2 ಮಿಲಿಗ್ರಾಂ ಶುದ್ಧ ನೀರಲ್ಲಿ 30 ಕೊಡುತ್ತಿದ್ದರೆ ಮತ್ತು ನೀವು ಆ ಲೆಕ್ಕವನ್ನೇ ಹಿಡಿದಿದ್ದರೆ 267 ಬರೆಯುತ್ತಿದ್ದಿರಿ. ಮೂರನೇ ಒಂದು ಪಾಲು ಗೊತ್ತೇ ಆಗದೆ ಕಳೆದುಹೋಗುತ್ತಿತ್ತು. ಸ್ಪೈಕ್ ಹಾಕಿದರೂ ಅಂಕಿ ಅಲುಗದಿದ್ದರೆ ಆ ನೀರಲ್ಲಿ ಸ್ಟ್ರಿಪ್ ಕುರುಡಾಗಿದೆ. ಅವತ್ತಿನ ಸೊನ್ನೆಗೆ ಬೆಲೆ ಇಲ್ಲ.

ಸಿಒಡಿ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಆಕ್ಸಿಡೈಸ್ ಮಾಡಲು ಬೇಕಾಗುವ ಆಕ್ಸಿಜನ್, ಅದರ ಜೊತೆಗೂ ತಾಳೆ ನೋಡಿ. 1 ಗ್ರಾಂ ಮೆಥನಾಲ್ 1.5 ಗ್ರಾಂ ಸಿಒಡಿ ಕೊಡುತ್ತದೆ. 400 ಮೆಥನಾಲ್ ಇದ್ದರೆ ಸಿಒಡಿ ಕನಿಷ್ಠ 600 ಇರಲೇಬೇಕು. ಸಿಒಡಿ 450 ಬಂದು ಸ್ಟ್ರಿಪ್ 400 ಅಂದರೆ ಎರಡರಲ್ಲಿ ಒಂದು ಸುಳ್ಳು. ನಿಮ್ಮ ಲ್ಯಾಬಿನಲ್ಲಿ ಹೇಗೂ ದಿನಾ ಸಿಒಡಿ ಮಾಡುತ್ತೀರಿ, ಈ ತಾಳೆಗೆ ಪೈಸೆ ಖರ್ಚಿಲ್ಲ.

ಮೆಥನಾಲ್ ಬೇರೆ, ಎಥನಾಲ್ ಬೇರೆ ಅಂತ ಗೊತ್ತಾಗಲೇಬೇಕು ಅಂದರೆ ಇನ್ನೊಂದು ಕಿಣ್ವ ಇದೆ: ಬ್ರೆಡ್ ಯೀಸ್ಟಿನ ಆಲ್ಕೊಹಾಲ್ ಡಿಹೈಡ್ರಾಜಿನೇಸ್. ಅದು ಎಥನಾಲನ್ನು ಚೆನ್ನಾಗಿ ಹಿಡಿಯುತ್ತದೆ, ಮೆಥನಾಲನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆಕ್ಸಿಜನ್ ಗೊಡವೆಯೂ ಇಲ್ಲ. ಆದರೆ ಎನ್‌ಎಡಿ ಅನ್ನುವ ಸಹಾಯಕ ವಸ್ತು ಪ್ರತಿ ಸಲ ಬೇಕು. ಅದು ದುಬಾರಿ, ಬಿಸಿಲು ತೇವಕ್ಕೆ ಬೇಗ ಹಾಳು. ಎರಡೂ ಸ್ಟ್ರಿಪ್ ಓದಿ ಕಳೆದರೆ ಮೆಥನಾಲ್ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕಳೆಯುವ ಲೆಕ್ಕದಲ್ಲಿ ಎರಡರ ತಪ್ಪೂ ಒಟ್ಟುಗೂಡುತ್ತದೆ. ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಇದಕ್ಕೆ ಹೋಗುವುದಿಲ್ಲ. ಬ್ಯಾಚ್ ಪಟ್ಟಿ ನೋಡಿ, ಎಥನಾಲ್ ಅಥವಾ ಈಥೈಲ್ ಅಸಿಟೇಟ್ ಓಡುವ ದಿನ ಜಿಸಿಗೇ ಕಳಿಸುತ್ತೇನೆ.

ಮ್ಯಾನೇಜರ್ ಅವರ ಎರಡು ಆಸೆಗಳಿಗೂ ನನ್ನ ಉತ್ತರ ಬೇಡ ಅಂತಲೇ.

ಔಷಧಿಯ ಪುಡಿಯಲ್ಲಿ ಉಳಿದ ಸಾಲ್ವೆಂಟಿಗೆ ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿ ಇದೆ. ಮೆಥನಾಲ್‌ಗೆ 3000 ಪಿಪಿಎಂ, ಎಂಡಿಸಿಗೆ 600, ಟೊಲ್ಯೂಯೀನ್‌ಗೆ 890. ಅಲ್ಲಿ ಪ್ರತಿಯೊಂದು ಸಾಲ್ವೆಂಟಿನ ಹೆಸರು ಹಿಡಿದು ಬೇರೆ ಬೇರೆ ಅಂಕಿ ಕೊಡಬೇಕು. ಸ್ಯಾಂಪಲ್ ಮೇಲಿನ ಆವಿಯನ್ನು ಓದುವ ಹೆಡ್‌ಸ್ಪೇಸ್ ಜಿಸಿ ಆ ಕೆಲಸಕ್ಕೇ ಇದೆ. ರೋಗಿಯ ಬಾಯಿಗೆ ಹೋಗುವ ವಸ್ತುವಿನ ಬಗ್ಗೆ, ಎಂಡಿಸಿಯೇ ಕಾಣದ ಸ್ಟ್ರಿಪ್‌ನ ಮಾತು ಕೇಳುವುದು ಸರಿಯಲ್ಲ. ಬ್ಯಾಚ್ ಬಿಡುಗಡೆಗಾಗಲಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ವರದಿಗಾಗಲಿ ಇದರ ಅಂಕಿ ಬರೆಯಬೇಡಿ.

ಶೆಡ್ ಗಾಳಿಯ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಕಾಳಜಿ. ಈ ಸ್ಟ್ರಿಪ್ ನೀರಿನ ಹನಿಯಲ್ಲಿ ಕೆಲಸ ಮಾಡುವಂಥದ್ದು, ಗಾಳಿಗೆ ಒಡ್ಡಿದರೆ ಒಣಗುತ್ತದೆ. ಬದಲಿಗೆ ಪಿಐಡಿ ಮೀಟರ್ (ಅತಿನೇರಳೆ ದೀಪದಿಂದ ಆವಿಯನ್ನು ಅಯಾನು ಮಾಡಿ ಅಳೆಯುವಂಥದ್ದು) ತರೋಣ ಅಂತ ಯಾರಾದರೂ ಹೇಳಬಹುದು. ಅಲ್ಲೂ ಇದೇ ಸೊನ್ನೆಯ ಮೋಸ ಇದೆ. ಸಾಮಾನ್ಯವಾಗಿ ಸಿಗುವ ಪಿಐಡಿಯ ದೀಪದ ಶಕ್ತಿ 10.6 ಎಲೆಕ್ಟ್ರಾನ್ ವೋಲ್ಟ್. ಅಸಿಟೋನ್‌ಗೆ 9.7 ಸಾಕು, ಟೊಲ್ಯೂಯೀನ್‌ಗೆ 8.8 ಸಾಕು. ಮೆಥನಾಲ್‌ಗೆ 10.85 ಬೇಕು, ಎಂಡಿಸಿಗೆ 11.3. ಅಂದರೆ ನಿಮ್ಮಲ್ಲಿ ಮುಖ್ಯವಾದ ಎರಡೂ ಆವಿ ಆ ದೀಪಕ್ಕೆ ಸರಿಯಾಗಿ ಕಾಣುವುದೇ ಇಲ್ಲ! 11.7ರ ದೀಪ ಸಿಗುತ್ತದೆ, ಆದರೆ ಅದರ ಆಯುಸ್ಸು ಕಡಿಮೆ. ಮೆಥನಾಲ್‌ಗೆ ಎಂಟು ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ 200 ಪಿಪಿಎಂ ಮಿತಿ ಅಂತ ಬಳಕೆಯಲ್ಲಿದೆ. ಅದಕ್ಕೆ ಬಣ್ಣ ಬದಲಾಗುವ ಡಿಟೆಕ್ಟರ್ ಟ್ಯೂಬ್‌ಗಳೋ, ಕಾರ್ಮಿಕರ ಕೊರಳಪಟ್ಟಿಗೆ ಸಿಕ್ಕಿಸಿ ಆಮೇಲೆ ಜಿಸಿಯಲ್ಲಿ ಓದುವ ಸ್ಯಾಂಪ್ಲರ್‌ಗಳೋ ಬೇಕು.

ಮೆಥನಾಲ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದು ಉಸಿರಲ್ಲೂ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ನಮ್ಮ ಲಿವರ್‌ನಲ್ಲಿ ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಸಿಡ್ ಆಗಿ ಕಣ್ಣನ್ನು ಕೆಡಿಸುತ್ತದೆ. ಆದ್ದರಿಂದ ಈ ಸ್ಟ್ರಿಪ್ ಹಿಡಿದು ಯಾರಾದರೂ ಸ್ಯಾನಿಟೈಜರ್ ಅಥವಾ ಕುಡಿಯುವ ಮದ್ಯ "ಪರೀಕ್ಷೆ" ಮಾಡಲು ಹೊರಟರೆ ದಯವಿಟ್ಟು ತಡೆಯಿರಿ. ಎಥನಾಲ್ ತುಂಬಿದ ದ್ರವದಲ್ಲಿ ಬೆರೆತ ಮೆಥನಾಲನ್ನು ಇದು ಬೇರ್ಪಡಿಸಿ ಹೇಳಲಾರದು.

ಕೊನೆಯದಾಗಿ, ಮುಂದಿನ ತಿಂಗಳಿಗೆ ನೀವು ಮಾಡಬೇಕಾದದ್ದು. ಸ್ಟ್ರಿಪ್ಪರ್ ಬಾಟಮ್‌ನ ಹತ್ತು ಹದಿನೈದು ಸ್ಯಾಂಪಲ್ ಆರಿಸಿ. ಬೇರೆ ಬೇರೆ ಬ್ಯಾಚ್ ದಿನಗಳದ್ದು ಇರಲಿ, ಸ್ಟ್ರಿಪ್ಪರ್ ಸರಿಯಾಗಿ ಓಡದ ದಿನದ್ದೂ ಇರಲಿ. ಪ್ರತಿಯೊಂದನ್ನೂ ಎರಡು ಬಾಟಲಿಗೆ ತುಂಬಿ, ಒಂದನ್ನು ಐಸ್ ಪೆಟ್ಟಿಗೆಯಲ್ಲಿ ಜಿಸಿಗೆ ಕಳಿಸಿ, ಇನ್ನೊಂದನ್ನು ಮೇಲೆ ಹೇಳಿದ ಕ್ರಮದಲ್ಲಿ ಸ್ಟ್ರಿಪ್‌ನಲ್ಲಿ ಓದಿ. ಎರಡೂ ಎಷ್ಟು ಹತ್ತಿರ ಬರುತ್ತವೆ ಅನ್ನುವುದನ್ನು ನೋಡಿದ ಮೇಲೆಯೇ ಶಿಫ್ಟಿನವರಿಗೆ ಕೊಡಿ. ಕೊಟ್ಟ ಮೇಲೂ ವಾರಕ್ಕೊಂದು ಸ್ಯಾಂಪಲ್ ಜಿಸಿಗೆ ಹೋಗಲಿ. ಲಾಗ್ ಬುಕ್ಕಿನಲ್ಲಿ "0" ಅಂತ ಬರೆಯುವುದನ್ನು ಇವತ್ತೇ ನಿಲ್ಲಿಸಿ. ನೂರು ಪಟ್ಟು ತೆಳುಮಾಡಿ 1 ಮಿಲಿಗ್ರಾಂವರೆಗೆ ಮಾತ್ರ ನಂಬಿಕೆಯಿಂದ ಓದಬಲ್ಲಿರಿ ಅಂದರೆ "100ಕ್ಕಿಂತ ಕಡಿಮೆ" ಅಂತ ಬರೆಯಿರಿ. ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದು, ಸ್ಪೈಕ್ ಎಷ್ಟು ವಾಪಸ್ ಬಂತು ಅಂತ ಬರೆಯಿರಿ. ಆ ಕಾಲಂ ಖಾಲಿ ಇದ್ದರೆ ಆ ಶಿಫ್ಟಿನ ನೀರನ್ನು ಮುಂದಕ್ಕೆ ಬಿಡಬೇಡಿ.